ಖಾಲಿ ತಟ್ಟೆಗೆ ಎಂಟು ಪಾಯಿಂಟ್ ನಾಲ್ಕು

ಮಿಷನ್ ನಿಲ್ಲಿಸಬೇಡಿ ಶರೀಫಕ್ಕ. ನೀವು ಹೊಲಿಯಿರಿ, ನಾನು ಹೇಳ್ತಾ ಹೋಗ್ತೇನೆ. ಆ ಶಬ್ದ ಇದ್ರೆ ನನಗೂ ಮಾತಾಡ್ಲಿಕ್ಕೆ ಸುಲಭ... ಇಲ್ಲ, ಫ್ಯಾನ್ ಬೇಡ, ನಿಮ್ಮ ಬ್ಲೌಸಿನ ತುಂಡೆಲ್ಲ ಹಾರ್ತದೆ. ಬಸ್ಸಿಳಿದವಳು ಈ ಮೂರು ಮಾಳಿಗೆ ಒಂದೇ ಉಸಿರಿಗೆ ಹತ್ತಿದೆ, ಅದರ ಬೆವರು ಇದು. ಕೆಳಗೆ ಫ್ಯಾನ್ಸಿ ಅಂಗಡಿಯಲ್ಲಿ ಕೇಳಿದೆ, ಶರೀಫಾ ಟೈಲರ್ ಎಲ್ಲಿ ಅಂತ. ಮೇಲೆ ಹೋಗಿ, ಮಿಷನ್ ಶಬ್ದ ಬರುವಲ್ಲಿ ಅಂದ್ರು.

ಯಾಕೆ ನಗ್ತೀರಿ? ಸೆಂಟರಿನ ಕೆಲಸ ಬಿಟ್ಟೆ ಅಂದದ್ದಕ್ಕಾ? ನಗಿ, ನನಗೆ ಬೇಸರ ಇಲ್ಲ. ಪಣಂಬೂರಿನಲ್ಲಿ ನಮ್ಮ ನೆರೆಕರೆಯವರೂ ನಗ್ತಾರೆ. ಮೀನು ಹಿಡಿಯುವ ಚೆನ್ನಪ್ಪನ ಮಗಳು ಓದಿ ಓದಿ ದೊಡ್ಡ ಜನ ಆದದ್ದು, ಈಗ ಮನೆಯಲ್ಲಿ ಕೂತು ಬಂಗುಡೆ ಶುಚಿ ಮಾಡ್ತಾಳೆ ಅಂತ. ಹೇಳುವವರು ಹೇಳಲಿ. ತಪ್ಪು ಮಾಡುವ ಜಾಗದಲ್ಲಿ ಸಂಬಳ ಎಣಿಸುದಕ್ಕಿಂತ ಮೀನು ಶುಚಿ ಮಾಡುದು ಎಷ್ಟೋ ಮರ್ಯಾದೆಯ ಕೆಲಸ.

ಆ ಕಾಗದ ಓದಿದ್ರಾ? ಅಲ್ಲಿ, ಕತ್ತರಿಯ ಅಡಿಯಲ್ಲಿ ಇಟ್ಟಿದ್ದೇನೆ. ಎರಡೇ ಪುಟ. ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ನಮ್ಮಂಥ ಸೆಂಟರುಗಳಿಗೆ ಲೈಸೆನ್ಸ್ ಕೊಡುವ ಸರ್ಕಾರದ ಮಂಡಳಿ ಉಂಟಲ್ಲ, ಅವರಿಗೆ ದೂರು. ಕನ್ನಡದಲ್ಲೇ ಬರೆದಿದ್ದೇನೆ, ನಿಮಗೆ ಓದ್ಲಿಕ್ಕೆ ಆಗ್ಬೇಕು ಅಂತ. ನಾನೊಬ್ಬಳೇ ಕೊಟ್ರೆ ಕೆಲಸದಿಂದ ಹೊರಗೆ ಬಿದ್ದವಳ ಹೊಟ್ಟೆಕಿಚ್ಚು ಅಂತ ಮೂಲೆಗೆ ಹಾಕ್ತಾರೆ. ಅಲ್ಲಿ ಚಿಕಿತ್ಸೆ ತೆಗೊಂಡವರು ಒಬ್ಬರು ಸಹಿ ಹಾಕಿದ್ರೆ ಹಾಗೆ ಮಾಡ್ಲಿಕ್ಕೆ ಆಗುದಿಲ್ಲ. ಅದಕ್ಕೇ ಬಂದೆ. ಮೊದಲು ನಿಮ್ಮಲ್ಲಿಗೇ ಬಂದೆ.

ಯಾಕೆ ನಿಮ್ಮಲ್ಲಿಗೇ ಅಂತಲಾ... ಹೇಳ್ತೇನೆ. ಒಂದೊಂದಾಗಿ ಹೇಳ್ತೇನೆ.

ನಾನು ಡಾಕ್ಟರಲ್ಲ ಅಂತ ನಿಮಗೆ ಗೊತ್ತುಂಟು. ಬಿಳಿ ಕೋಟು ಹಾಕ್ತಿದ್ದೆ, ಬಂದವರೆಲ್ಲ ಡಾಕ್ಟ್ರೇ ಅಂತ ಕರೀತಿದ್ರು, ಅಷ್ಟೆ. ನಾನು ಕಲಿತದ್ದು ಜೀವಶಾಸ್ತ್ರ, ಕೆಲಸ ಕಂಪ್ಯೂಟರಿನಲ್ಲಿ. ಸೂಜಿ ಮುಟ್ಟುದಿಲ್ಲ, ರಕ್ತ ಮುಟ್ಟುದಿಲ್ಲ. ಒಂದು ಹೆಂಗಸಿಗೆ ಗರ್ಭ ನಿಂತದ್ದು ಯಾಕೆ, ಇನ್ನೊಬ್ಬಳಿಗೆ ನಿಲ್ಲದ್ದು ಯಾಕೆ, ಅದನ್ನು ಸಾವಿರಾರು ಜನರ ಲೆಕ್ಕ ಒಟ್ಟಿಗೆ ಹಾಕಿ ಹುಡುಕುದು. ಒಬ್ಬ ಡಾಕ್ಟರ್ ಇಡೀ ಜನ್ಮದಲ್ಲಿ ನೋಡುದನ್ನು ಕಂಪ್ಯೂಟರ್ ಒಂದು ಮಧ್ಯಾಹ್ನದಲ್ಲಿ ನೋಡ್ತದೆ. ಈ ವಿದ್ಯೆ ಸುಳ್ಳಲ್ಲ ಶರೀಫಕ್ಕ. ಅದನ್ನು ನಾನು ಇವತ್ತೂ ಎದೆ ತಟ್ಟಿ ಹೇಳ್ತೇನೆ, ಯಾರ ಎದುರು ಬೇಕಾದ್ರೂ.

ನನ್ನ ದೊಡ್ಡಮ್ಮ ಮೋಹಿನಿ ಅಂತ. ಹದಿನೆಂಟು ವರ್ಷ ಬಂಜೆ ಅನ್ನಿಸಿಕೊಂಡು ಬದುಕಿದವಳು. ನಾಗನಿಗೆ ತಂಬಿಲ ಕೊಟ್ಟದ್ದು ಎಷ್ಟು ಸಲವೋ, ಕುಡಿದ ಕಷಾಯಕ್ಕಂತೂ ಲೆಕ್ಕವೇ ಇಲ್ಲ. ದೊಡ್ಡಪ್ಪನಿಗೆ ಒಂದು ಪರೀಕ್ಷೆ ಮಾಡಿಸುವ ಅಂತ ಒಬ್ಬನ ಬಾಯಲ್ಲೂ ಬರಲಿಲ್ಲ. ನಮ್ಮ ಮನೆಯಲ್ಲಿ ಸೀಮಂತ ಇದ್ರೆ ಅವಳು ಅಡಿಗೆಕೋಣೆಯಲ್ಲೇ ಇರ್ತಿದ್ದಳು, ಹೊರಗೆ ಬರ್ತಿರಲಿಲ್ಲ. ಅದನ್ನು ನೋಡಿ ಬೆಳೆದವಳು ನಾನು. ಯಾರಲ್ಲಿ ಎಂತ ಕಮ್ಮಿ ಅಂತ ಬಾಯಿ ಮಾತಿನಲ್ಲಿ ತೀರ್ಮಾನ ಆಗಬಾರದು, ಲೆಕ್ಕದಲ್ಲಿ ಆಗಬೇಕು. ಅಷ್ಟು ಹಟ ಇತ್ತು ನನಗೆ.

ಸೆಂಟರಿಗೆ ಸೇರುವಾಗ ಅಲ್ಲಿ ಏಳು ವರ್ಷದ ಫೋಟೋ ಇತ್ತು. ಐದನೇ ದಿನದ ಭ್ರೂಣದ ಫೋಟೋ, ಒಂಬತ್ತು ಸಾವಿರ. ಒಂದೊಂದರ ಕೆಳಗೆ ಗರ್ಭ ನಿಂತಿತಾ, ಮಗು ಆಯಿತಾ, ಎಲ್ಲ ಬರೆದಿಟ್ಟಿದ್ರು. ದೊಡ್ಡ ಡಾಕ್ಟ್ರು ನನ್ನನ್ನು ಕೂರಿಸಿ ಹೇಳಿದ್ರು, ಇದರಿಂದ ಒಂದು ಪ್ರೋಗ್ರಾಂ ಮಾಡು, ಫೋಟೋ ತೋರಿಸಿದ್ರೆ ಯಾವ ಭ್ರೂಣ ನಿಲ್ತದೆ ಅಂತ ಅದು ಹೇಳಬೇಕು ಅಂತ. ಎರಡು ವರ್ಷ ಮಾಡಿದೆ. ಆ ಪ್ರೋಗ್ರಾಮಿಗೆ ಕುಡಿ ಅಂತ ಹೆಸರಿಟ್ಟದ್ದೂ ನಾನೇ. ಹತ್ತರಲ್ಲಿ ಎಷ್ಟು ಅಂತ ಅಂಕ ಕೊಡ್ತಿತ್ತು. ಹಳೆ ಫೋಟೋ ತೋರಿಸಿದ್ರೆ ನೂರರಲ್ಲಿ ಎಂಬತ್ತೊಂದು ಸಲ ಸರಿ. ದೊಡ್ಡ ಡಾಕ್ಟ್ರು ಎದ್ದು ನಿಂತು ನನ್ನ ಕೈ ಕುಲುಕಿದ್ರು.

ಆದ್ರೆ ಅದು ಭ್ರೂಣ ನೋಡ್ತಿರಲಿಲ್ಲ ಶರೀಫಕ್ಕ. ಬಲ್ಬ್ ನೋಡ್ತಿತ್ತು.

ಹೌದು, ಬಲ್ಬ್. ಕೇಳಿ. ಸೆಂಟರಿನಲ್ಲಿ ಎರಡು ವಿಂಗ್ ಇತ್ತಲ್ಲ. ಹಳತರಲ್ಲಿ ಹಳೆ ಸೂಕ್ಷ್ಮದರ್ಶಕ, ಅದರ ಬೆಳಕು ಹಳದಿ. ಹೊಸತರಲ್ಲಿ ಹೊಸತು, ಬೆಳಕು ಹಾಲಿನ ಹಾಗೆ ಬಿಳಿ. ಸಣ್ಣ ಪ್ರಾಯದವರನ್ನು, ಮೊದಲ ಸಲ ಬಂದವರನ್ನು ಹೊಸ ವಿಂಗಿಗೆ ಕಳಿಸ್ತಿದ್ರು. ಪ್ರಾಯ ಆದವರು, ಎರಡು ಮೂರು ಕಡೆ ಸೋತು ಬಂದವರು ಹಳೆ ವಿಂಗಿಗೆ. ಸಣ್ಣವರಿಗೆ ಗರ್ಭ ಬೇಗ ನಿಲ್ತದೆ, ಅದು ಯಾರಿಗೂ ಗೊತ್ತಿದ್ದದ್ದೇ. ಹಾಗಾಗಿ ಬಿಳಿ ಬೆಳಕಿನ ಫೋಟೋಗಳ ಕೆಳಗೆ ಮಗು ಆಯಿತು ಅಂತ ಜಾಸ್ತಿ ಇತ್ತು, ಹಳದಿಯವುಗಳ ಕೆಳಗೆ ಕಮ್ಮಿ. ಕಂಪ್ಯೂಟರಿಗೆ ಮಗು ಅಂದ್ರೆ ಎಂತ ಅಂತ ಗೊತ್ತುಂಟಾ? ಅದು ಸುಲಭದ ದಾರಿ ಹಿಡಿಯಿತು. ಬಿಳಿ ಕಂಡ್ರೆ ಎಂಟು, ಹಳದಿ ಕಂಡ್ರೆ ಮೂರು. ಇಷ್ಟೇ ಅದು ಕಲಿತದ್ದು. ಎರಡು ವರ್ಷದಲ್ಲಿ.

ನೀವು ಹೊಲಿಗೆಯವರು, ನಿಮಗೆ ಹೇಳ್ಬೇಕಾ. ಟ್ಯೂಬ್‌ಲೈಟ್ ಅಡಿಯಲ್ಲಿ ನೋಡಿದ ಬಟ್ಟೆಯ ಬಣ್ಣ ಬಿಸಿಲಿಗೆ ತಂದ್ರೆ ಬೇರೆಯೇ ಅಲ್ವಾ. ಅದನ್ನು ನಾನು ಮೊದಲೇ ಯೋಚನೆ ಮಾಡಬೇಕಿತ್ತು. ಮಾಡಲಿಲ್ಲ. ಅದು ನನ್ನ ತಪ್ಪು, ಕಾಗದದಲ್ಲೂ ಬರೆದಿದ್ದೇನೆ, ಎರಡನೇ ಪುಟದಲ್ಲಿ. ನಾನು ಅಡಗಿಸಲಿಲ್ಲ.

ಇನ್ನು ನಿಮ್ಮ ವಿಷಯ. ಹೇಳ್ಲಾ? ... ಸರಿ.

ನಿಮ್ಮದು ಐದು ಭ್ರೂಣ ಆಗಿತ್ತು. ನಲವತ್ತನೇ ವರ್ಷದಲ್ಲಿ ಐದು ಸಿಕ್ಕುದು ದೊಡ್ಡ ವಿಷಯ, ರೇಚಲ್ ಕೂಡ ಹೇಳಿದ್ದಳು. ರೇಚಲ್ ನೆನಪುಂಟಾ, ಲ್ಯಾಬಿನಲ್ಲಿ ಭ್ರೂಣ ಬೆಳೆಸ್ತಿದ್ದವಳು, ಕನ್ನಡಕದವಳು. ಪ್ರಾಯ ಆಗಿದ್ರೂ ನೀವು ಮೊದಲ ಸಲ ಬಂದವರು ಅಂತ ನಿಮಗೆ ಹೊಸ ವಿಂಗೇ ಕೊಟ್ಟಿದ್ರು. ಐದನೇ ದಿನ ಬೆಳಿಗ್ಗೆ ಅಲ್ಲಿ ಮೂರರ ಫೋಟೋ ತೆಗೆದಾಗ ಅಲ್ಲಿಯ ಕ್ಯಾಮೆರಾ ಕೆಟ್ಟಿತು. ಉಳಿದ ಎರಡನ್ನು ಹಳೆ ವಿಂಗಿಗೆ ತೆಗೊಂಡು ಹೋಗಿ ಅಲ್ಲಿ ತೆಗೆದ್ರು. ಮೂರಕ್ಕೆ ಎಂಟರ ಮೇಲೆ ಬಂತು. ಆ ಎರಡಕ್ಕೆ ಒಂದು ಎರಡು ಪಾಯಿಂಟ್ ಒಂಬತ್ತು, ಇನ್ನೊಂದು ಮೂರು ಪಾಯಿಂಟ್ ಒಂದು. ನಾಲ್ಕಕ್ಕಿಂತ ಕೆಳಗಿನದ್ದನ್ನು ಇಡುವ ಕ್ರಮ ಇಲ್ಲ ಅಂತ ನಿಮ್ಮ ಸಹಿ ತೆಗೊಂಡ್ರು, ಬಿಸಾಡಿದ್ರು. ಇದು ನಡೆದದ್ದು. ಯಾವ ಬೆಳಕಿನ ಅಡಿಯಲ್ಲಿ ಇಟ್ರು ಅನ್ನುದರ ಮೇಲೆ ನಿಮ್ಮ ಎರಡು ಭ್ರೂಣದ ಹಣೆಬರಹ ಬರೆದ್ರು ಅವರು.

ಎಂತ? ಯಾಕೆ ಹಾಗೆ ನೋಡ್ತೀರಿ? ಅವರು ಅಂದದ್ದು... ಸರಿ, ನಾವು. ಸೆಂಟರಿನವರು. ನಾನೂ ಅಲ್ಲೇ ಇದ್ದೆ, ಇಲ್ಲ ಅಂತ ನಾನು ಹೇಳುದಿಲ್ಲ.

ನೆನಪುಂಟು ನನಗೆ ಆ ದಿನ. ನೀವೊಬ್ಬರೇ ಬಂದಿದ್ರಿ. ನಿಮ್ಮ ಯಜಮಾನರು ಸಲಾಂ ಭಾಯಿ ವಾಪಸು ಗಲ್ಫಿಗೆ, ಜುಬೈಲಿಗೆ ಹೋಗಿಯಾಗಿತ್ತು, ಅವರ ರಜೆ ಮುಗಿದಿತ್ತು. ನಿಮ್ಮ ಅತ್ತೆ ಬೀಫಾತಿಮ್ಮ ಕೆಳಗೆ ರಿಕ್ಷಾದಲ್ಲಿ ಕೂತಿದ್ರು, ಮೆಟ್ಟಲು ಹತ್ಲಿಕ್ಕೆ ಕಾಲು ಬರುದಿಲ್ಲ ಅಂತ. ನಿಮಗೆ ಅವತ್ತು ಮೊದಲ ಉಪವಾಸ. ನಾನು ನೀರು ಕೊಟ್ಟದ್ದಕ್ಕೆ ಕೈಯಲ್ಲೇ ಬೇಡ ಅಂದ್ರಿ. ನನಗೆ ನಾಚಿಕೆ ಆಯ್ತು.

ಮತ್ತೆ ಆದದ್ದು ನಿಮಗೇ ಗೊತ್ತುಂಟು. ಆ ಮೂರರಲ್ಲಿ ಎರಡು ಹಾಕಿದ್ರು, ನಿಲ್ಲಲಿಲ್ಲ. ಒಂದು ಫ್ರೀಜರಿನಲ್ಲಿ ಇಟ್ಟಿದ್ರು, ಬಕ್ರೀದ್ ಕಳೆದ ಮೇಲೆ ಅದನ್ನೂ ಹಾಕಿದ್ರು. ಅದು ಹನ್ನೊಂದು ದಿನ ಇತ್ತು. ಆಗ ನಾನು ಸೆಂಟರಿನಲ್ಲಿ ಇರಲಿಲ್ಲ. ರೇಚಲ್ ಫೋನ್ ಮಾಡಿ ಹೇಳಿದಳು, ಇನ್ನು ಅವರಿಗೆ ಅಂಡ ಸಿಕ್ಕುದಿಲ್ಲ, ಡಾಕ್ಟ್ರು ಆಗುದಿಲ್ಲ ಅಂದ್ರು ಅಂತ. ಅವತ್ತು ನಾನು ಊಟ ಮಾಡಲಿಲ್ಲ. ನಂಬುದಿದ್ರೆ ನಂಬಿ.

ನಾನು ಸುಮ್ಮನೆ ಕೂರಲಿಲ್ಲ ಶರೀಫಕ್ಕ. ಮೇ ತಿಂಗಳಲ್ಲಿ ಈ ಬಲ್ಬಿನ ವಿಷಯ ಗೊತ್ತಾಯ್ತು. ಗೊತ್ತಾದ ದಿನವೇ ದೊಡ್ಡ ಡಾಕ್ಟ್ರ ಕೋಣೆಗೆ ಹೋದೆ. ಅವರ ಎದುರು ಲ್ಯಾಪ್‌ಟಾಪ್ ಇಟ್ಟು ತೋರಿಸಿದೆ, ಇದನ್ನು ಇವತ್ತೇ ನಿಲ್ಲಿಸಬೇಕು ಅಂದೆ. ಅವರು ನೋಡಿದ್ರು. ಅರ್ಥ ಆಗಲಿಲ್ಲ ಅಂತ ಅಲ್ಲ, ಬುದ್ಧಿವಂತರು ಅವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದ್ರು, "ಯಶ್ಮಿತಾ, ಒಂದು ಬಲ್ಬಿಗೆ ಇಷ್ಟು ದೊಡ್ಡ ಗಲಾಟೆ ಬೇಡ. ಮುಂದಿನ ವರ್ಷ ಸರಿ ಮಾಡುವ." ಇದೇ ಮಾತು. ಅಷ್ಟರಲ್ಲಿ ಪತ್ರಿಕೆಯಲ್ಲಿ ಬಂದಿತ್ತು, ಕಂಪ್ಯೂಟರ್ ಭ್ರೂಣ ಆರಿಸುವ ಸೆಂಟರ್ ಅಂತ. ಬಜಪೆಯಲ್ಲಿ ವಿಮಾನ ಇಳಿದು ನೇರ ಬರುವವರೂ ಇದ್ರು, ಗಲ್ಫಿನಿಂದ, ಹದಿನೈದು ದಿನದ ರಜೆ ಹಾಕಿ. ಈಗ ಹಿಂದೆ ಸರೀಲಿಕ್ಕೆ ಡಾಕ್ಟ್ರಿಗೆ ಮನಸ್ಸಿರಲಿಲ್ಲ.

ನಾನು ಬೊಬ್ಬೆ ಹಾಕಿದೆ. ಇಡೀ ಸೆಂಟರಿಗೆ ಕೇಳಿತು. ಹೆಣ್ಣುಮಕ್ಕಳು ಆಸ್ಪತ್ರೆಗೆ ಬರುದು ಭರವಸೆ ಹೊತ್ತುಕೊಂಡು, ನೀವು ಅವರಿಗೆ ಕೊಡುದು ಬಲ್ಬಿನ ಅಂಕ ಅಂತ ಹೇಳಿದೆ. ಮರುದಿನ ನನ್ನ ಪಾಸ್‌ವರ್ಡ್ ಬಂದ್ ಮಾಡಿದ್ರು. ಅದರ ಮರುದಿನ ರಾಜೀನಾಮೆ ಬರೆದು ಕೊಟ್ಟೆ. ಒಂದು ವರ್ಷ ಬಾಯಿ ಬಿಡಬಾರದು ಅಂತ ಕಾಗದಕ್ಕೆ ಸಹಿ ಹಾಕಿಸ್ಲಿಕ್ಕೆ ಬಂದ್ರು, ಹರಿದು ಹಾಕಿದೆ. ಕೋರ್ಟಿಗೆ ಎಳೀತೇವೆ ಅಂತ ಹೇಳ್ತಾರೆ ಈಗ. ಎಳೀಲಿ. ನಾನು ಕೋರ್ಟಿನಲ್ಲೂ ಇದನ್ನೇ ಹೇಳುದು.

ಅಪ್ಪ ನಲವತ್ತು ವರ್ಷ ಕಡಲಿಗೆ ಹೋದವರು, ಅವರಿಗೆ ಇದೆಲ್ಲ ಎಂತ ಗೊತ್ತು ಅಂತ ನೀವು ಎಣಿಸಬಹುದು. ಎಲ್ಲ ಕೇಳಿ ಆದ ಮೇಲೆ ಅವರು ಒಂದೇ ಪ್ರಶ್ನೆ ಕೇಳಿದ್ದು. ಹಾಗಾದ್ರೆ ಆ ಮಿಷನಿಗೆ ಕಣ್ಣೇ ಇಲ್ವಾ ಅಂತ. ಕಣ್ಣುಂಟು ಅಪ್ಪ, ನಾವು ತೋರಿಸಿದ್ದು ಸರಿ ಇರಲಿಲ್ಲ ಅಂದೆ. ಅದು ಸತ್ಯ. ನಾಳೆ ಇದನ್ನು ಸರಿಯಾಗಿ ಮಾಡುವವರು ಬರ್ತಾರೆ, ನಾನೇ ಮಾಡ್ತೇನೆ. ಎರಡೂ ವಿಂಗಿನ ಬೆಳಕು ಒಂದೇ ಮಾಡಿ, ಒಂದೊಂದು ಪ್ರಾಯದವರ ಲೆಕ್ಕ ಬೇರೆ ಬೇರೆ ಮಾಡಿ, ಮೊದಲಿನಿಂದ ಸುರು ಮಾಡಬೇಕು. ಸುಳ್ಳು ಅಂಕ ಬಂತು ಅಂತ ಲೆಕ್ಕವನ್ನೇ ಬಿಡ್ಲಿಕ್ಕಾಗ್ತದಾ? ಬಿಟ್ರೆ ಪುನಃ ಕಷಾಯ, ಪುನಃ ಹರಕೆ, ಪುನಃ ನನ್ನ ದೊಡ್ಡಮ್ಮನ ಅಡಿಗೆಕೋಣೆ.

ನೀವು ನಂಬುದಿಲ್ಲ. ಮುಖದಲ್ಲೇ ಗೊತ್ತಾಗ್ತದೆ. ಬಲ್ಬ್ ನೋಡಿ ಅಂಕ ಕೊಡ್ತದೆ ಅಂದ್ರೆ ಯಾರು ನಂಬ್ತಾರೆ, ಮಂಡಳಿಯವರೂ ನಂಬ್ಲಿಕ್ಕಿಲ್ಲ. ಅದಕ್ಕೇ ಪುರಾವೆ ತಂದಿದ್ದೇನೆ. ನೋಡಿ, ಈ ಫೋಟೋ. ಇದರಲ್ಲಿ ಎಂತ ಕಾಣ್ತದೆ?

ಏನೂ ಇಲ್ಲ. ಸರಿಯಾಗಿ ಹೇಳಿದ್ರಿ. ಖಾಲಿ ತಟ್ಟೆ. ಭ್ರೂಣ ಇಡುವ ಗಾಜಿನ ಸಣ್ಣ ತಟ್ಟೆ, ಒಂದು ಹನಿ ದ್ರವ ಬಿಟ್ರೆ ಒಳಗೆ ಎಂತದೂ ಇಲ್ಲ. ಮೂಲೆಯಲ್ಲಿ ಅಂಕ ನೋಡಿ. ಎಂಟು ಪಾಯಿಂಟ್ ನಾಲ್ಕು. ಖಾಲಿ ತಟ್ಟೆಯಲ್ಲಿ ಒಳ್ಳೆ ಮಗು ಉಂಟು ಅಂತ ಹೇಳ್ತಾ ಉಂಟು ಅದು. ನಾನು ಹುಡುಕಿದ್ದು ಕೂಡ ಅಲ್ಲ, ತಾನಾಗಿ ಸಿಕ್ಕಿದ್ದು. ರೇಚಲ್ ಮರುದಿನಕ್ಕೆ ತಟ್ಟೆ ರೆಡಿ ಮಾಡ್ತಾ ಇದ್ದಳು, ಕ್ಯಾಮೆರಾ ಆಫ್ ಮಾಡ್ಲಿಕ್ಕೆ ಮರೆತಿದ್ದಳು. ಯಶ್ಮಿ, ನಿನ್ನ ಕುಡಿ ಎಂತದೋ ಹೇಳ್ತಾ ಉಂಟು ನೋಡು ಅಂತ ಕರೆದಳು. ನಾನು ಬಂದು ನೋಡಿದೆ, ನಗು ಬಂತು ಮೊದಲು. ಮತ್ತೆ ಅದೇ ತಟ್ಟೆಯನ್ನು ಹಳೆ ವಿಂಗಿಗೆ ತೆಗೊಂಡು ಹೋಗಿ ಹಳದಿ ಬೆಳಕಿಗೆ ಇಟ್ಟೆ. ಎರಡು ಪಾಯಿಂಟ್ ಆರು. ತಟ್ಟೆ ಅದೇ, ಬೆಳಕು ಬೇರೆ. ಲ್ಯಾಬಿನಲ್ಲಿ ನಾವಿಬ್ಬರೇ, ಬೇರೆ ಯಾರೂ ಇಲ್ಲ, ಶಿವರಾತ್ರಿ ರಜೆ ಅಲ್ವಾ, ದೊಡ್ಡ ಡಾಕ್ಟ್ರೂ ಇರಲಿಲ್ಲ, ಒಬ್ಬರಲ್ಲಿ ಹೇಳ್ಲಿಕ್ಕೂ...

ದಾರ ತುಂಡಾಯ್ತಾ?

ಮಿಷನ್ ಯಾಕೆ ನಿಲ್ಲಿಸಿದ್ರಿ? ಹೊಲಿಯಿರಿ ಶರೀಫಕ್ಕ, ನಿಮ್ಮ ಗಿರಾಕಿಗೆ ಸಂಜೆಗೆ ಬೇಕು ಅಂದಿದ್ರಲ್ಲ. ನಾನು ಇನ್ನು ಐದು ನಿಮಿಷದಲ್ಲಿ ಮುಗಿಸ್ತೇನೆ. ಈ ಫೋಟೋ, ಹಳದಿ ಬೆಳಕಿನ ಇನ್ನೊಂದು ಫೋಟೋ, ಎರಡನ್ನೂ ದೂರಿನ ಜೊತೆಗೆ ಲಗತ್ತಿಸಿದ್ದೇನೆ. ನೀವು ಕೊನೆಯ ಪುಟದಲ್ಲಿ, ಕೆಳಗೆ...

ಎಂತ ನೋಡ್ತೀರಿ ಅಲ್ಲಿ? ಕ್ಯಾಲೆಂಡರಾ?

ಹಿಂದಿನ ಪುಟಕ್ಕೆ ಯಾಕೆ ಹೋಗ್ತೀರಿ... ಹೌದು, ಈ ಕ್ಯಾಲೆಂಡರಿನಲ್ಲಿ ಎಲ್ಲರ ಹಬ್ಬವೂ ಉಂಟು. ನಮ್ಮ ಮನೆಯಲ್ಲೂ ಇದೇ.

ಬಾಯಿ ತಪ್ಪಿ ಬಂತು. ಶಿವರಾತ್ರಿ ಅಂತ ನಾನು ಹೇಳಿದ್ದು ಬೇರೆ ಯಾವುದೋ... ಮೇ ತಿಂಗಳಲ್ಲೂ ಒಂದು ರಜೆ ಇತ್ತು, ಕಾರ್ಮಿಕರ ದಿನದ್ದು. ಅದು ಮತ್ತು ಇದು...

ಬೈಯುದಾದ್ರೆ ಬೈಯಿರಿ.

...

ಪುಟ ತಿರುಗಿಸುದು ನಿಲ್ಲಿಸಿ ಶರೀಫಕ್ಕ. ಎಣಿಸುದು ಬೇಡ. ನಾನೇ ಹೇಳ್ತೇನೆ. ಬುಧವಾರ ಶಿವರಾತ್ರಿ, ಭಾನುವಾರ ನಿಮ್ಮ ಮೊದಲ ಉಪವಾಸ. ನಾಲ್ಕು ದಿನ.

ನಾಲ್ಕು ದಿನ ಮೊದಲು ನನಗೆ ಗೊತ್ತಿತ್ತು.

ನಿಮ್ಮ ಅಂಡ ತೆಗೆದದ್ದು ಮಂಗಳವಾರ. ಬುಧವಾರ ಬೆಳಿಗ್ಗೆ ನಾನು ಆ ಖಾಲಿ ತಟ್ಟೆ ಹಿಡ್ಕೊಂಡು ಈ ವಿಂಗಿನಿಂದ ಆ ವಿಂಗಿಗೆ ಓಡ್ತಾ ಇದ್ದಾಗ ನಿಮ್ಮ ಐದೂ ಪಕ್ಕದ ಕೋಣೆಯಲ್ಲಿ ಇದ್ದವು. ಒಂದು ದಿನದವು. ಬಾಗಿಲಿನ ಮೇಲೆ ನಿಮ್ಮ ನಂಬರ್ ಅಂಟಿಸಿದ್ರು. ಆ ಬಾಗಿಲು ದಾಟಿಯೇ ನಾನು ಹೋದದ್ದು, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

ಅವತ್ತೇ ಫೋನ್ ಮಾಡಿ ಡಾಕ್ಟ್ರಿಗೆ ಹೇಳು ಅಂದಳು ರೇಚಲ್. ಹೇಳ್ತೇನೆ ಅಂದೆ. ಅದರ ಮುಂದಿನ ವಾರ ಭಾನುವಾರ ಕುಡಿಯ ಉದ್ಘಾಟನೆ ಇತ್ತು. ಹಂಚಿದ ಆಮಂತ್ರಣದಲ್ಲಿ ನನ್ನ ಹೆಸರಿತ್ತು. ಅಪ್ಪ ಹೊಸ ಅಂಗಿ ಹೊಲಿಸಿದ್ರು, ಜನ್ಮದಲ್ಲಿ ಮೊದಲ ಸಲ ಮಗಳು ಸ್ಟೇಜಿನಲ್ಲಿ ಕೂರ್ತಾಳೆ ಅಂತ. ಒಂದು ತಟ್ಟೆಯಿಂದ ಎಂತ ತೀರ್ಮಾನ ಮಾಡ್ಲಿಕ್ಕೆ ಆಗ್ತದೆ, ಇನ್ನು ಇನ್ನೂರು ಫೋಟೋ ನೋಡುವ, ಮತ್ತೆ ಹೇಳುವ ಅಂತ ನನಗೆ ನಾನೇ ಹೇಳಿಕೊಂಡೆ. ಲೆಕ್ಕದವರಿಗೆ ಈ ನೆಪ ಯಾವಾಗಲೂ ಸಿಕ್ತದೆ. ಇನ್ನೊಮ್ಮೆ ನೋಡುವ ಅಂತ. ಇನ್ನೂರು ನೋಡಿದೆ. ಶುಕ್ರವಾರಕ್ಕೆ ಪೂರ್ತಿ ಖಾತ್ರಿ ಆಗಿತ್ತು. ಶನಿವಾರ ಸುಮ್ಮನಿದ್ದೆ. ಭಾನುವಾರ ನೀವು ಬಂದ್ರಿ.

ಉದ್ಘಾಟನೆ ಆಯ್ತು. ಹೂ ಕೊಟ್ರು, ಶಾಲು ಹಾಕಿದ್ರು. ಮತ್ತೆ ಒಂದೊಂದು ದಿನ ಕಳೆದ ಹಾಗೆ ಹೇಳುದು ಕಷ್ಟ ಆಯ್ತು. ನಿನ್ನೆ ಯಾಕೆ ಹೇಳಲಿಲ್ಲ ಅಂತ ಕೇಳಿದ್ರೆ ಎಂತ ಹೇಳುದು? ಮೇ ತಿಂಗಳಲ್ಲಿ ಡಾಕ್ಟ್ರ ಕೋಣೆಗೆ ಹೋದದ್ದು ಸುಳ್ಳಲ್ಲ. ಬೊಬ್ಬೆ ಹಾಕಿದ್ದು ಸುಳ್ಳಲ್ಲ. ಅವರು ಬಲ್ಬಿಗೆ ಗಲಾಟೆ ಬೇಡ ಅಂದದ್ದೂ ಸುಳ್ಳಲ್ಲ. ಅವರು ತಪ್ಪಿತಸ್ಥರೇ, ಅವರನ್ನು ನಾನು ಬಿಡುದಿಲ್ಲ. ಆದ್ರೆ ಶಿವರಾತ್ರಿಯಿಂದ ಮೇ ತನಕ ಹದಿನಾಲ್ಕು ಜನರ ರಿಪೋರ್ಟ್ ಹೋಗಿದೆ, ಎಲ್ಲದರ ಕೆಳಗೆ ನನ್ನ ಸಹಿ. ನಿಮ್ಮದು ಮೊದಲನೆಯದ್ದು. ಉಳಿದ ಹದಿಮೂರು ಜನರ ಮನೆಗೂ ಹೋಗ್ತೇನೆ. ಧೈರ್ಯ ಉಂಟು ಅಂತಲ್ಲ. ಹೋಗ್ದೆ ಇರ್ಲಿಕ್ಕೆ ಆಗುದಿಲ್ಲ.

ಕ್ಷಮಿಸಿ ಅಂತ ಕೇಳ್ಲಿಕ್ಕೆ ಬಂದದ್ದಲ್ಲ ನಾನು. ಕೇಳುದೂ ಇಲ್ಲ. ನೀವು ಕ್ಷಮಿಸಿದ್ರೆ ನನಗೆ ಹಗುರ ಆಗ್ತದೆ, ನಿಮಗೆ ಎಂತ ಆಗ್ತದೆ?

ಆ ಎರಡರ ಫೋಟೋ ಕೂಡ ಉಂಟು ಬ್ಯಾಗಿನಲ್ಲಿ. ತೋರಿಸಬಾರದು ಅಂತ ಇದ್ದೆ... ಕೈ ಚಾಚಿದ್ರಿ ಅಂದ ಮೇಲೆ ಕೊಡ್ತೇನೆ. ನಿಮ್ಮದೇ ಅಲ್ವಾ. ಬೆಳಕಿಗೆ ಹಿಡಿಯಿರಿ, ಕಿಟಕಿಯ ಹತ್ತಿರ. ಈ ಉರುಟು ಕಾಣ್ತದಲ್ಲ, ಇದರ ಒಳಗೆ ಗೊಂಚಲಿನ ಹಾಗೆ ಒತ್ತಾಗಿ ಇರುವುದು, ಅದೇ ಮುಂದೆ ಮಗು ಆಗುವ ಭಾಗ. ಕಳೆದ ತಿಂಗಳು ರೇಚಲಿಗೆ ಅಂಕ ಮುಚ್ಚಿ, ಹೆಸರು ಮುಚ್ಚಿ ಐದನ್ನೂ ತೋರಿಸಿದೆ. ಹನ್ನೆರಡು ವರ್ಷದಿಂದ ಕಣ್ಣಲ್ಲೇ ಆರಿಸಿದವಳು ಅವಳು. ಯಾವುದು ಮೊದಲು ಹಾಕ್ತಿ ಅಂತ ಕೇಳಿದೆ. ಅವಳು ಬೆರಳಿಟ್ಟದ್ದು ಈ ಎರಡರ ಮೇಲೆ.

ಮಗು ಆಗ್ತಿತ್ತು ಅಂತ ನಾನು ಹೇಳ್ಲಿಕ್ಕಿಲ್ಲ. ಅದು ಸುಳ್ಳಾಗ್ತದೆ, ನಿಮ್ಮ ಪ್ರಾಯಕ್ಕೆ ಒಳ್ಳೆ ಭ್ರೂಣವೂ ಎಷ್ಟೋ ಸಲ ನಿಲ್ಲುದಿಲ್ಲ. ಆದ್ರೆ ಇವು ಚೆನ್ನಾಗಿದ್ದವು ಶರೀಫಕ್ಕ. ಬಿಸಾಡುವಂಥವು ಅಲ್ಲ.

ಅಳಿ. ನಾನು ಆಚೆ ತಿರುಗಿ ಕೂರ್ತೇನೆ.

...

ಎಂತ? ಪೆನ್ನು ನನಗಾ?

ಈ ಕಾಗದಕ್ಕೆ ಸಹಿ ಹಾಕುದಿಲ್ಲ ನೀವು. ಸರಿ. ಹರಿದಿರಾ... ಸರಿ, ಹರಿಯಿರಿ. ಅದರಲ್ಲಿ ಮೇ ತಿಂಗಳು ಅಂತ ಇತ್ತು. ಹರಿಯಬೇಕಾದದ್ದೇ.

ಬಿಳಿ ಹಾಳೆ ಉಂಟಾ? ಈ ಅಳತೆ ಬರೆಯುವ ಪುಸ್ತಕದ್ದಾ? ಆಗ್ತದೆ. ಈಗಲೇ, ನಿಮ್ಮ ಎದುರೇ ಬರೀತೇನೆ. ಮೇಲಿನಿಂದ ಸುರು ಮಾಡ್ತೇನೆ, ಬರೀತಾ ಓದ್ತೇನೆ, ತಪ್ಪಿದ್ರೆ ನಿಲ್ಲಿಸಿ. "ಪಣಂಬೂರು ಚೆನ್ನಪ್ಪನವರ ಮಗಳು ಯಶ್ಮಿತಾ ಆದ ನಾನು ಬರೆದುಕೊಡುವುದು. ಶಿವರಾತ್ರಿಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಈ ಯಂತ್ರದ ಅಂಕ ಸುಳ್ಳು ಅಂತ ನನಗೆ ಗೊತ್ತಾಗಿತ್ತು. ನಾಲ್ಕು ದಿನದ ನಂತರ ಅದೇ ಅಂಕ ತೋರಿಸಿ ಶರೀಫಾ ಅವರ ಸಹಿ ತೆಗೆದುಕೊಂಡದ್ದು ನಾನು. ಬೇರೆ ಯಾರೂ ಅಲ್ಲ."

ಇಷ್ಟು ಸಾಕಾ?

ಸಾಲದು. ಹೌದು... ಇನ್ನೊಂದುಂಟು. ನೀವು ಮರೆತಿರಬಹುದು ಅಂತ ಎಣಿಸಿದ್ದೆ ನಾನು. ನಾನು ಇಲ್ಲಿ ಬಂದು ಕೂತಾಗಿನಿಂದ ಅದನ್ನೇ ಕಾಯ್ತಾ ಇದ್ರಿ ನೀವು, ಅಲ್ವಾ? ನಾನು ಹೇಳ್ತೇನಾ ಇಲ್ವಾ ಅಂತ.

ಬರೀತೇನೆ. ನೋಡಿ, ಬರೀತಾ ಇದ್ದೇನೆ. "ಸಹಿ ಹಾಕುವ ಮೊದಲು ಶರೀಫಾ ಅವರು ಕೇಳಿದ್ದರು, ಪಾಪ, ಈ ಎರಡನ್ನೂ ಇಟ್ಟುಕೊಳ್ಳಬಹುದಾ, ಜಾಗ ಎಷ್ಟು ಬೇಕು ಅದಕ್ಕೆ ಅಂತ. ಬೇಡ ಅಂದದ್ದು ನಾನು."